ಮುದ್ದೆ ಉಣ್ಣದವರು

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಅವರಿಗೆ ಸಿಟ್ಟು ಬರುತ್ತಿತ್ತು. ಕ್ಷಯ ಬಂದವರ ಮನೆಗಳನ್ನು ಸುತ್ತುವ ಕೆಲಸದಲ್ಲೇ ತಲೆ ನರೆಸಿಕೊಂಡ ಆ ಮನುಷ್ಯ ಬೀದಿಯಲ್ಲಿ ಒಬ್ಬ ರೋಗಿಯ ಹೆಸರನ್ನೂ ಬಾಯಿಬಿಟ್ಟು ಹೇಳಿದ್ದನ್ನು ನಾನು ಕೇಳಿಲ್ಲ. ನಾನು ಹೊಸದಾಗಿ ಕೆಲಸಕ್ಕೆ ಸೇರಿದ ವಾರ, ಪಾಂಡವಪುರದ ಬಸ್ ಸ್ಟ್ಯಾಂಡಿನಲ್ಲಿ ಹೂ ಮಾರುವವಳ ಪಕ್ಕ ನಿಂತು ಕೈಯಲ್ಲಿದ್ದ ಪಟ್ಟಿಯಿಂದ ಒಂದು ಹೆಸರನ್ನು ಗಟ್ಟಿಯಾಗಿ ಓದಿಬಿಟ್ಟೆ. ಅವರು ಪಟ್ಟಿ ಕಿತ್ತುಕೊಂಡು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡರು.

"ಎಸ್ರು ಏಳ್ಬ್ಯಾಡ ಕಣವ್ವ. ಆ ಊವ್ನೋಳು ಕಿವೀನ ಇಲ್ಲೇ ಮಡಗವ್ಳೆ."

ಅವರ ಬಾಯಲ್ಲಿ ರೋಗಿಗಳೆಲ್ಲ ಮನೆಗಳಾಗಿದ್ದರು. ಎರಡೆಮ್ಮೆ ಮನೆ, ನೀಲಿ ಬಾಗಿಲ ಮನೆ, ಕೊಟ್ಟಿಗೆ ಹಿಂದಿನ ಮನೆ. "ನೀಲಿ ಬಾಗಿಲು ಮಾತ್ರೆ ಮುಗ್ಸುದ್ಲಾ?" ಎಂದು ಕೇಳುವರು. ಹಳ್ಳಿಗಳಲ್ಲಿ ಅವರನ್ನು ಜನ ಕಫದಣ್ಣ ಎಂದು ಕರೆಯುತ್ತಿದ್ದರು. ಸಣ್ಣ ಪ್ಲಾಸ್ಟಿಕ್ ಡಬ್ಬಿಯಲ್ಲಿ ಕಫ ಕೇಳಿ ಇಸಿದುಕೊಂಡು ಹೋಗುವವರಿಗೆ ಇನ್ನೇನು ಹೆಸರಿಟ್ಟಾರು. ಅವರಿಗೆ ಅದರಿಂದ ಬೇಜಾರಿರಲಿಲ್ಲ. ನಾನು ಸಾರ್ ಎನ್ನುತ್ತಿದ್ದೆ, ಇಲ್ಲಿಯೂ ಅಷ್ಟೇ ಇರಲಿ.

ಹೋದ ತಿಂಗಳು ಅವರು ತೀರಿಕೊಂಡರು. ಗಂಜಾಮಿನಲ್ಲಿ, ನಿಮಿಷಾಂಬ ಗುಡಿಗೆ ಹೋಗುವ ದಾರಿಯ ಪಕ್ಕದ ಗಲ್ಲಿಯಲ್ಲಿ ಅವರ ಮನೆ. ನಾನು ಹೋಗುವಷ್ಟರಲ್ಲಿ ಜಗಲಿಯ ಮೇಲೆ ಮಲಗಿಸಿದ್ದರು. ಗಲ್ಲಿ ತುಂಬ ಜನ. ಕೆ.ಆರ್. ಪೇಟೆ ಕಡೆಯವರು, ನಾಗಮಂಗಲದ ಕಡೆಯವರು, ಸಕ್ಕರೆ ಕಾರ್ಖಾನೆಯ ಹತ್ತಿರದ ಸಾಲುಮನೆಯವರು. ಯಾರಿಗೂ ಯಾರ ಪರಿಚಯವೂ ಇಲ್ಲ, ಅಲ್ಲೊಬ್ಬರು ಇಲ್ಲೊಬ್ಬರು ಗೋಡೆಗೆ ಒರಗಿ ನಿಂತಿದ್ದರು. ಮನೆಯವರು ಯಾರೋ ಪಾಪ ಒಬ್ಬೊಬ್ಬರನ್ನೇ, "ತಮಗೆ ಎಂಗೆ ಸಂಬಂದ?" ಎಂದು ವಿಚಾರಿಸುತ್ತಿದ್ದರು. ಎಲ್ಲರದೂ ಒಂದೇ ಉತ್ತರ. "ದೂರದ್ ನೆಂಟ್ರು ಕಣಪ್ಪ."

ನನಗೆ ಅವರೆಲ್ಲ ಗೊತ್ತು. ಅದೋ ಎರಡೆಮ್ಮೆ ಮನೆ, ಅದೋ ನೀಲಿ ಬಾಗಿಲು. ಬೇಲಿಯ ಹತ್ತಿರ ಕಂಕುಳಲ್ಲಿ ಮಗು ಇಟ್ಟುಕೊಂಡು ಒಬ್ಬಳು ನಿಂತಿದ್ದಳು. ಅವಳ ಕಥೆಯನ್ನು ಆಮೇಲೆ ಹೇಳುತ್ತೇನೆ. ಸಾರ್ ಹೆಂಡತಿ ಅತ್ತು ಅತ್ತು ಸೊರಗಿದ್ದವರು, ಸಂಜೆ ನನ್ನ ಕೈ ಹಿಡಿದುಕೊಂಡು, "ಇವ್ರಿಗೆ ಇಷ್ಟೊಂದ್ ನೆಂಟ್ರು ಎಲ್ಲಿದ್ರವ್ವ? ನಮ್ ಮದ್ವೇಲೂ ಇಷ್ಟ್ ಜನ ಇರ್ನಿಲ್ಲ" ಎಂದರು.

ನಮ್ಮ ಕೆಲಸ ಏನೆಂದು ಹೇಳಬೇಕು. ಒಬ್ಬರಿಗೆ ಕ್ಷಯ ಎಂದು ಗೊತ್ತಾದ ಕೂಡಲೇ ಅವರ ಮನೆಗೆ ಹೋಗಬೇಕು. ಅವರ ಜೊತೆ ಅದೇ ಸೂರಿನಡಿ ಉಸಿರಾಡುವವರನ್ನೆಲ್ಲ ಪಟ್ಟಿ ಮಾಡಿ ಪರೀಕ್ಷೆಗೆ ಕಳಿಸಬೇಕು. ರೋಗ ಸಿಕ್ಕಿದವರಿಗೆ ಚಿಕಿತ್ಸೆ. ಸಿಗದವರಿಗೆ, ಮುಂದೆ ಬರದಂತೆ ತಡೆಯುವ ಮಾತ್ರೆ. ದೊಡ್ಡವರಿಗಾದರೆ ವಾರಕ್ಕೊಮ್ಮೆ, ಹನ್ನೆರಡು ವಾರ. ಕಾಗದದ ಮೇಲೆ ಬಲು ಸುಲಭ. ನಾನು ಮೊದಲ ದಿನ ಗುತ್ತಿಗೆ ನೌಕರಳ ಹುಮ್ಮಸ್ಸಿನಲ್ಲಿ ಒಂದು ಮನೆಗೆ ಹೋಗಿ, "ರೇಷನ್ ಕಾರ್ಡ್ ಕೊಡೀಮ್ಮ" ಎಂದೆ. ಕಾರ್ಡಿನಲ್ಲಿ ನಾಲ್ಕು ಹೆಸರಿತ್ತು, ಫೋನಿಗೆ ನಾಲ್ಕು ಹೆಸರು ಏರಿಸಿ ಎದ್ದೆ. ಸಾರ್ ಏಳಲಿಲ್ಲ. ಅಡುಗೆಮನೆಯ ಹೊಸ್ತಿಲ ಮೇಲೆ ಆರಾಮವಾಗಿ ಕುಂತು ಮನೆಯಾಕೆಯನ್ನು ಕೇಳಿದರು.

"ಒಂದೊತ್ಗೆ ಎಷ್ಟ್ ಮುದ್ದೆ ಕಟ್ಟೀಯವ್ವ?"

"ಏಳು."

"ನಾಕ್ ಜನುಕ್ಕೆ ಏಳಾ? ನಿಮ್ಮನೇಲಿ ಬೀಮಸೇನ್ನೇನಾದ್ರೂ ಮಡಿಕ್ಕೊಂಡಿದ್ದೀರಾ?"

ಆಕೆ ನಕ್ಕು ಬೆರಳು ಮಡಿಸಿದಳು. ಗಂಡನ ಅಕ್ಕನ ಮಗ ಇಲ್ಲಿದ್ದುಕೊಂಡು ಐಟಿಐ ಓದುತ್ತಾನೆ. ಹಾಲಿನ ಡೇರಿಯಲ್ಲಿ ಕೆಲಸ ಮಾಡುವ ಭಾವ ಹಿಂದಿನ ಕೋಣೆಯಲ್ಲಿರುತ್ತಾನೆ. ದನ ನೋಡಿಕೊಳ್ಳುವ ಮುದುಕ ಕೊಟ್ಟಿಗೆಯಲ್ಲೇ ಮಲಗುತ್ತಾನೆ. ಅವನಿಗೆ ಆಗಲೇ ಎರಡು ತಿಂಗಳಿಂದ ಕೆಮ್ಮಿತ್ತು. ರೇಷನ್ ಕಾರ್ಡು ನೋಡಿಕೊಂಡು ನಾನು ಎದ್ದಿದ್ದರೆ ಅವನು ಕೊಟ್ಟಿಗೆಯಲ್ಲಿ ಕೆಮ್ಮುತ್ತಲೇ ಇರುತ್ತಿದ್ದ.

ಅದು ಅವರೇ ಕಂಡುಕೊಂಡ ದಾರಿ. ಜನ ಸರ್ಕಾರದವರಿಗೆ ಮನೆಯವರ ಸಂಖ್ಯೆ ಹೇಳುವಾಗ ನೂರು ಯೋಚನೆ ಮಾಡುತ್ತಾರೆ, ಮುದ್ದೆ ಎಷ್ಟು ಎಂದರೆ ಹೆಣ್ಣುಮಕ್ಕಳು ಯೋಚನೆ ಮಾಡದೆ ಹೇಳುತ್ತಾರೆ. ದಿನಾ ಕೋಲು ಹಿಡಿದು ತೊಳಸುವ ಕೈಗೆ ಅದು ಗೊತ್ತಿರುತ್ತದೆ. ಅವರಿಗೆ ಈ ಪ್ರಶ್ನೆಯ ಬಗ್ಗೆ ಸ್ವಲ್ಪ ಜಂಬವೇ ಇತ್ತು. ಮೈಸೂರಿನಿಂದ ತರಬೇತಿಗೆ ಬಂದ ಡಾಕ್ಟರುಗಳ ಮುಂದೆ ಹೇಳಿ, ಅವರು ನೋಟ್ ಪುಸ್ತಕದಲ್ಲಿ ಬರೆದುಕೊಳ್ಳುವುದನ್ನು ಓರೆಗಣ್ಣಿನಲ್ಲಿ ನೋಡಿ ಸುಖಪಡುತ್ತಿದ್ದರು.

ಮಾತ್ರೆ ನುಂಗಿಸುವುದು ಇನ್ನೊಂದು ಪಾಡು. ಗಟ್ಟಿಮುಟ್ಟಾಗಿ ಗದ್ದೆ ಉಳುವವನ ಮುಂದೆ ಮಾತ್ರೆ ಹಿಡಿದರೆ, "ನಂಗೇನ್ ಬಂದದೆ ರೋಗ?" ಎಂದು ಮೈಮೇಲೆ ಬರುತ್ತಿದ್ದ. ಸಾರ್ ವಾದ ಮಾಡುತ್ತಿರಲಿಲ್ಲ. ಒಲೆಯ ಹತ್ತಿರ ಹೋಗಿ, ತಣ್ಣಗೆ ಕಾಣುವ ಬೂದಿಯನ್ನು ಕಡ್ಡಿಯಿಂದ ಕೆದಕಿ, ಒಳಗೆ ಮಿಣಿಮಿಣಿ ಎನ್ನುವ ಕೆಂಡ ತೋರಿಸುವರು. "ಇಂಗೇ ಇರ್ತದೆ ಕಣ್ಲಾ ಅದು, ಎದೆ ವಳ್ಗೆ. ಈವತ್ತು ಸುಮ್ಗದೆ. ಇದ ಆರುಸ್ಬೇಕಾ, ಗಾಳಿ ಬೀಸೋಗಂಟ ಕಾಯ್ತೀಯಾ?" ಗ್ಯಾಸ್ ಒಲೆ ಇರುವ ಮನೆಗಳಲ್ಲಿ ಅವರಿಗೆ ತುಂಬ ಕಷ್ಟವಾಗುತ್ತಿತ್ತು. ಒಮ್ಮೆ ಬಚ್ಚಲ ಒಲೆಗೆ ಕರೆದುಕೊಂಡು ಹೋಗಿ ತೋರಿಸಿದ್ದರು.

ಮಾತ್ರೆ ನುಂಗಿದ ಮರುದಿನ ಉಚ್ಚೆ ಕೆಂಪಾಗುತ್ತದೆ. ಅದನ್ನು ಮೊದಲೇ ಹೇಳದಿದ್ದರೆ ಗಂಡಸರು ಹೆದರಿ ಮಾತ್ರೆಯನ್ನು ಹಿತ್ತಲಿಗೆ ಎಸೆಯುತ್ತಾರೆ. ನನಗೆ ಆ ಮಾತು ಆಡಲು ನಾಚಿಕೆ. ಸಾರ್ ಹಜಾರದಲ್ಲಿ ಎಲ್ಲರ ಎದುರಿಗೇ, "ನಾಳೀಕೆ ಕೆಂಪಗ್ ಉಯ್ಕೊತೀರಿ, ಎದ್ರುಕೋಬ್ಯಾಡಿ, ಬಣ್ಣ ಅಷ್ಟೆ" ಎಂದುಬಿಡುವರು. ಮುದುಕಿಯರು ಬಾಯಿಗೆ ಸೆರಗು ಮುಚ್ಚಿಕೊಂಡು ನಗುವರು. ಆ ನಗುವಿನಲ್ಲೇ ಮಾತ್ರೆ ಹೊಟ್ಟೆಗೆ ಇಳಿಯುತ್ತಿತ್ತು.

ಇನ್ನು ಸೀಬೆಮರದ ಮನೆಯ ವಿಷಯ. ಬರೆಯಬಾರದು ಎಂದುಕೊಂಡೇ ಇಷ್ಟು ದೂರ ಬಂದೆ, ಆದರೆ ಅದನ್ನು ಬಿಟ್ಟರೆ ಅವರನ್ನು ಬಿಟ್ಟಂತೆಯೇ.

ಕೆ.ಆರ್. ಪೇಟೆ ತಾಲ್ಲೂಕಿನ ಒಂದು ಹಳ್ಳಿ. ಅಂಗಳದಲ್ಲಿ ದೊಡ್ಡ ಸೀಬೆಮರ. ಮನೆಯ ಯಜಮಾನನಿಗೆ ಕಫದಲ್ಲಿ ಕ್ಷಯ ಸಿಕ್ಕಿತ್ತು. ಬೆಳಗ್ಗೆ ಹನ್ನೊಂದರ ಹೊತ್ತಿಗೆ ನಾವಿಬ್ಬರೂ ಹೋದೆವು. ಯಜಮಾನನ ಹೆಂಡತಿ ಚಾಪೆ ಹಾಸಿದಳು. ಸಾರ್ ಎಂದಿನಂತೆ ಹೊಸ್ತಿಲ ಮೇಲೆ ಕುಂತು ಕೇಳಿದರು.

"ಆರು ಮುದ್ದೆ ಕಣಣ್ಣ."

ಯಜಮಾನ, ಹೆಂಡತಿ, ಮಗ, ಸೊಸೆ, ಯಜಮಾನನ ತಮ್ಮ, ತೋಟದ ಆಳು. ಆರಕ್ಕೆ ಆರೂ ಸರಿಹೋಯಿತು. ಸಾರ್‌ಗೆ ಖುಷಿಯಾಗಿ, "ಎಷ್ಟ್ ಗಾತ್ರದ ಮುದ್ದೆಯವ್ವ, ತೆಂಗಿನ್ಕಾಯಿ ಗಾತ್ರನೋ ನಿಂಬೆಕಾಯಿ ಗಾತ್ರನೋ?" ಎಂದು ತಮಾಷೆ ಮಾಡಿದರು. ಆಕೆ, "ನಿಮ್ಮಂಗಿರೋರ್ಗೆ ತೆಂಗಿನ್ಕಾಯಿ, ನಮ್ಮೆಜ್ಮಾನ್ರಿಗೆ ಈಗ ನಿಂಬೆಕಾಯಿ" ಎಂದಳು. ಎಲ್ಲರೂ ನಕ್ಕೆವು.

ನಗುತ್ತಿರುವಾಗಲೇ ನನ್ನ ಮೂಗಿಗೆ ತುಪ್ಪದಲ್ಲಿ ಹುರಿದ ಬೆಳ್ಳುಳ್ಳಿಯ ವಾಸನೆ ಬಂತು. ಅದರ ಹಿಂದೆಯೇ ಸಾಂಬ್ರಾಣಿ ಹೊಗೆ. ನನ್ನ ಮಗಳಿಗೆ ಆಗ ಹತ್ತು ತಿಂಗಳು. ನನ್ನ ಅವ್ವ ಮೂರು ತಿಂಗಳು ನನಗೆ ಮುದ್ದೆ ಮುಟ್ಟಲು ಬಿಟ್ಟಿರಲಿಲ್ಲ, ಬಾಣಂತಿಗೆ ಅರಗುವುದಿಲ್ಲ ಎಂದು ಅನ್ನ, ಮೆಣಸಿನ ಸಾರು, ಹುರಿದ ಬೆಳ್ಳುಳ್ಳಿ ಇಷ್ಟೇ ಹಾಕಿದ್ದಳು. ನೀರು ಹುಯ್ದ ಮೇಲೆ ಸಾಂಬ್ರಾಣಿ ಹಾಕುತ್ತಿದ್ದಳು. ಆ ಎರಡು ವಾಸನೆ ಒಟ್ಟಿಗೆ ಬರುವ ಮನೆಯಲ್ಲಿ ಏನಿರುತ್ತದೆ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಿರಬೇಕಿತ್ತು? ಮಾತು ನಾಲಿಗೆಯ ತುದಿಗೆ ಬಂತು. ಅಷ್ಟರಲ್ಲಿ ಸಾರ್ ಎದ್ದು ಬೈಕಿನ ಹತ್ತಿರ ಹೋಗಿದ್ದರು. ಅವತ್ತು ಮಧ್ಯಾಹ್ನ ನನ್ನ ಮಗಳಿಗೆ ಲಸಿಕೆ ಹಾಕಿಸಬೇಕಿತ್ತು. ಏನೋ ಪೂಜೆ ಇರಬಹುದು ಎಂದುಕೊಂಡು ನಾನೂ ಎದ್ದೆ.

ಆರು ಜನರಿಗೂ ಎಕ್ಸ್‌ರೇ ಆಯಿತು. ಯಜಮಾನನಿಗೆ ಚಿಕಿತ್ಸೆ, ಉಳಿದ ಐವರಿಗೆ ತಡೆಯುವ ಮಾತ್ರೆ. ಒಬ್ಬರೂ ಒಂದು ವಾರವೂ ತಪ್ಪಿಸಲಿಲ್ಲ. ಸಾರ್ ಬೇರೆಯವರಿಗೆಲ್ಲ ಸೀಬೆಮರದ ಮನೆಯನ್ನೇ ಮಾದರಿ ಎಂದು ತೋರಿಸುತ್ತಿದ್ದರು.

ಆರೇಳು ತಿಂಗಳು ಕಳೆದ ಮೇಲೆ ಆಫೀಸಿಗೆ ಒಂದು ಕಾಗದ ಬಂತು. ನಾಗಮಂಗಲ ತಾಲ್ಲೂಕು, ದೇವಲಾಪುರ ಹೋಬಳಿ. ಎಂಟು ತಿಂಗಳ ಹೆಣ್ಣುಮಗು. ಜ್ವರ, ವಾಂತಿ, ಆಮೇಲೆ ಎಚ್ಚರ ತಪ್ಪಿ ದೊಡ್ಡಾಸ್ಪತ್ರೆಗೆ ಸೇರಿಸಿದ್ದಾರೆ. ಮೆದುಳಿಗೆ ಕ್ಷಯ ಏರಿತ್ತು. ಮಗು ಉಳಿಯಲಿಲ್ಲ. ಕೆಳಗೆ ತಾಯಿಯ ತವರೂರು ಬರೆದಿತ್ತು, ಆಕೆಯ ಅಪ್ಪನ ಹೆಸರು ಬರೆದಿತ್ತು. ಸಾರ್ ಅದನ್ನು ಎರಡು ಸಲ ಓದಿದರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಸೀಬೆಮರ" ಎಂದರು, ಅಷ್ಟೇ.

ಅವತ್ತೇ ಹೋದೆವು. ಯಜಮಾನ ಕಾಯಿಲೆ ವಾಸಿಯಾಗಿ ಮೈ ತುಂಬಿಕೊಂಡಿದ್ದ. ಗೋಡೆಯ ಕಡೆ ಮುಖ ಮಾಡಿ ಕುಂತಿದ್ದವನು ತಿರುಗಲಿಲ್ಲ. ಮಗು ಹುಟ್ಟಿದಾಗಿನಿಂದ ಅವನ ತೊಡೆಯ ಮೇಲೇ ಇತ್ತಂತೆ, ಅವನು ಕೆಮ್ಮಿದರೆ ಕಿಲಕಿಲ ನಗುತ್ತಿತ್ತಂತೆ. ಅವನ ಹೆಂಡತಿಯೇ ಮಾತಾಡಿದ್ದು.

"ನಾನ್ ಸುಳ್ಳ್ ಏಳ್ನಿಲ್ಲ ಕಣಣ್ಣ. ನೀವ್ ಮುದ್ದೆ ಕೇಳುದ್ರಿ, ಮಗ್ಳು ಮುದ್ದೆ ಉಣ್ತಿರ್ನಿಲ್ಲ. ಕೋಣೇಲಿದ್ಲು, ಕೂಸಿಗೆ ಒಂದ್ ತಿಂಗ್ಳಾಗಿತ್ತು. ಅವ್ಳ ಅತ್ತೆ ಮನೇರ್ಗೆ ಇಂಗೆ ಅಪ್ಪುಂಗೆ ಟೀಬಿ ಅಂತ ತಿಳುದ್ರೆ ಏನಂದಾರೋ ಅಂತ... ನೀವ್ ಕೇಳಿದ್ರೆ ಏಳ್ಬುಡ್ತಿದ್ನೋ ಏನೋ. ನೀವ್ ಕೇಳ್ನಿಲ್ವಲ್ಲ."

ಕೇಳಿದ್ದರೆ ಏನಾಗುತ್ತಿತ್ತು ಎನ್ನುವುದು ನಮ್ಮಿಬ್ಬರಿಗೂ ಬಾಯಿಪಾಠ. ಕೂಸಿಗೆ ದಿನಾ ಒಂದು ಚಿಕ್ಕ ಮಾತ್ರೆ, ಆರು ತಿಂಗಳು. ಬಹುಶಃ ಅದು ಈಗ ಅಂಬೆಗಾಲಿಡುತ್ತಿತ್ತು.

ತಿಂಗಳ ಸಭೆಯಲ್ಲಿ ಮೇಲಧಿಕಾರಿ ಸಾರ್ ಅವರನ್ನು ನಿಲ್ಲಿಸಿ ಕೇಳಿದರು. ಪಟ್ಟಿಯಲ್ಲಿ ಮಗು ಯಾಕಿಲ್ಲ?

"ನಾನು ಕೇಳಿದ ಪ್ರಶ್ನೆಯೇ ತಪ್ಪು ಸಾರ್."

"ನಿಮ್ಮ ಜೊತೆ ಯಾರಿದ್ದರು?"

"ಮಾತಾಡಿದ್ದೆಲ್ಲ ನಾನೇ ಸಾರ್."

ನಾನು ಮೂರನೆಯ ಸಾಲಿನಲ್ಲಿ ನಿಂತಿದ್ದೆ. ಚಪ್ಪಲಿ ನೋಡಿಕೊಂಡೆ. ಮುದ್ದೆ ಉಣ್ಣುವ ಲೆಕ್ಕದಲ್ಲಿ ಬಾಣಂತಿ ಬರುವುದಿಲ್ಲ ಎಂದು ಗಂಡಸಾದ ಅವರು ಮರೆತಿದ್ದರು. ನಾನು ಮರೆತಿರಲಿಲ್ಲ. ಆ ವಾಸನೆ ನನ್ನ ಮೂಗಿನಲ್ಲೇ ಇತ್ತು. ಮುಂದೆ ಬಂದು ಹೇಳಬಹುದಿತ್ತು, ಹೇಳಲಿಲ್ಲ. ಮೆಮೊ ಅವರೊಬ್ಬರಿಗೇ ಹೋಯಿತು. ಗುತ್ತಿಗೆಯವಳು ನಾನು, ಕೆಲಸ ಹೋದರೆ ಏನು ಗತಿ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಆ ಸಮಾಧಾನ ಮನೆ ತಲುಪುವವರೆಗೂ ಬಾಳಲಿಲ್ಲ.

ಮಗು ಹೋಯಿತು, ತಾಯಿ ಇದ್ದಳು. ಅವಳೂ ಅದೇ ಕೋಣೆಯಲ್ಲಿ, ಅದೇ ಗಾಳಿಯಲ್ಲಿ ತಿಂಗಳುಗಟ್ಟಲೆ ಇದ್ದವಳು. ಎಕ್ಸ್‌ರೇಯಲ್ಲಿ ಏನೂ ಇರಲಿಲ್ಲ, ಆದರೆ ತಡೆಯುವ ಮಾತ್ರೆ ಬೇಕೇಬೇಕಿತ್ತು. ದೇವಲಾಪುರದ ಕಡೆ ನೋಡಿಕೊಳ್ಳುವ ಸಿಬ್ಬಂದಿ ಎರಡು ಸಲ ಹೋಗಿ ಬಂದರು. ಅವಳು ಬಾಗಿಲು ಹಾಕಿಕೊಂಡಳು. "ನನ್ ಮಗೀಗ್ ಕೊಡ್ನಿಲ್ಲ, ನಂಗ್ಯಾಕೆ?" ಎಂದಳಂತೆ.

ಅದು ಸಾರ್ ವ್ಯಾಪ್ತಿಯ ಊರಲ್ಲ. ಆದರೂ ಭಾನುವಾರ ಭಾನುವಾರ, ತಮ್ಮ ರಜೆಯ ದಿನ, ಗಂಜಾಮಿನಿಂದ ಬೈಕಿನಲ್ಲಿ ಅಷ್ಟು ದೂರ ಹೋಗಲು ಶುರುಮಾಡಿದರು. ಅವಳ ಮನೆಯ ಎದುರಿಗೆ ರಾಗಿ ಹೊಲದ ಬದುವಿನಲ್ಲಿ ಒಂದು ಹೊಂಗೆಮರ. ಅದರ ಕೆಳಗೆ ಕುಂತು ಮಧ್ಯಾಹ್ನದವರೆಗೆ ಕಾದು, ಮಾತ್ರೆಯ ಪೊಟ್ಟಣವನ್ನು ಜೇಬಿನಲ್ಲೇ ಇಟ್ಟುಕೊಂಡು ವಾಪಸು ಬರುವರು. ಅವಳ ಅತ್ತೆ ಮೊದಲನೆಯ ವಾರ ಬೈದಳು. ಮೂರನೆಯ ವಾರ ಮಜ್ಜಿಗೆ ತಂದುಕೊಟ್ಟಳು. ಸೊಸೆ ಮಾತ್ರ ಹೊರಗೆ ಬರಲಿಲ್ಲ.

"ಬ್ಯಾರೆ ಯಾರಾದ್ರೂ ಹೋಗ್ಲಿ ಸಾರ್. ನಿಮ್ಮ ಮುಖ ನೋಡುದ್ರೇ ಅವ್ಳಿಗೆ ಸಂಕಟ ಆಯ್ತದೆ" ಎಂದೆ.

"ಸಂಕ್ಟ ಆಗ್ಲಿ. ಬೈಯ್ಲಿ. ಬೈಯೋಕ್ಕಾದ್ರೂ ಆಚ್ಗೆ ಬರ್ಬೇಕಲ್ಲ?"

ಆರನೆಯ ಭಾನುವಾರ ನಾನೂ ಹೋದೆ. ಅವತ್ತು ಅವಳು ಬಂದಳು. ಇಪ್ಪತ್ತು ದಾಟಿರಬಹುದು ಅಷ್ಟೇ. ಕೂದಲಿಗೆ ಎಣ್ಣೆ ಇಲ್ಲ. ನಮ್ಮಿಂದ ನಾಲ್ಕು ಮಾರು ದೂರದಲ್ಲಿ ನಿಂತಳು.

"ಅವತ್ತ್ ನೀವ್ ನಮ್ಮವ್ವುನ್ ಮನೇಗ್ ಬಂದಾಗ ನಾನ್ ವಳ್ಗೇ ಇದ್ದೆ" ಎಂದಳು. "ಮಗ ಆಲ್ ಕುಡೀತಿತ್ತು. ನೀವ್ ತೆಂಗಿನ್ಕಾಯಿ ಗಾತ್ರನಾ ನಿಂಬೆಕಾಯಿ ಗಾತ್ರನಾ ಅಂದಿದ್ದು ಕೇಳುಸ್ತು. ನಾನೂ ನಕ್ಕೆ. ವಳ್ಗೆ ಯಾರಾರಾ ಅವ್ರಾ ಅಂತ ಒಂದ್ ಮಾತ್ ಕೇಳಿದ್ರೆ, ನಾನೇ ಮಗೀನ್ ಎತ್ಕಂಡ್ ಬತ್ತಿದ್ದೆ."

ಸಾರ್ ಎದ್ದು ನಿಂತರು. ಅರವತ್ತರ ಹತ್ತಿರದ ಮನುಷ್ಯ, ತಲೆಯ ಮೇಲಿನ ಟವೆಲ್ ತೆಗೆದು ಎರಡೂ ಕೈಯಲ್ಲಿ ಹಿಡಿದುಕೊಂಡರು.

"ತಪ್ಪಾಯ್ತು ಕಣವ್ವ" ಎಂದರು.

ಅವಳು ಹತ್ತಿರ ಬಂದು ಕೈ ಚಾಚಿದಳು. ಪೊಟ್ಟಣವನ್ನು ತಿರುಗಿಸಿ ತಿರುಗಿಸಿ ನೋಡಿದಳು.

"ಇದೇನಾ ನನ್ ಮಗೀಗ್ ಕೊಡ್ಬೇಕಾಗಿದ್ದುದ್ದು?"

"ಇದಲ್ಲ ಕಣವ್ವ. ಕೂಸ್ಗೆ ಬ್ಯಾರೆ. ಚಿಕ್ಕುದು. ನೀರ್ನಲ್ಲಿ ಕರುಗ್ಸಿ ಕುಡ್ಸೋದು."

"ಎಷ್ಟ್ ದಿನ?"

"ಆರ್ ತಿಂಗ್ಳು."

"ಕುಡುಸ್ತಿದ್ದೆ" ಎಂದಳು ಅವಳು. "ಒಂದ್ ದಿನಾನೂ ತಪ್ಪುಸ್ತಿರ್ನಿಲ್ಲ."

ನಾನು ಮುಖ ತಿರುಗಿಸಿಕೊಂಡೆ. ಅತ್ತೆ ಚೊಂಬಿನಲ್ಲಿ ನೀರು ತಂದಳು. ಅವಳು ಮಾತ್ರೆ ನುಂಗಿದಳು. ಮುಂದಿನ ಹನ್ನೊಂದು ಭಾನುವಾರವೂ ಸಾರ್ ಆ ಮರದ ಕೆಳಗೆ ಇದ್ದರು. ಮೊದಲ ಮಾತ್ರೆ ನುಂಗಿದ ಆ ದಿನ ವಾಪಸು ಬರುವಾಗ ಕೆರೆ ಏರಿಯ ಮೇಲೆ ಬೈಕು ನಿಲ್ಲಿಸಿ, "ಇಲ್ಲೇ ಇರವ್ವ, ಬಂದೆ" ಎಂದು ಹೇಳಿ ಏರಿ ಇಳಿದು ಹೋದರು. ಉಚ್ಚೆಗೆ ಹೋದರು ಎಂದುಕೊಂಡೆ. ನೀರಿನ ಅಂಚಿನಲ್ಲಿ ಕುಕ್ಕುರುಗಾಲಲ್ಲಿ ಕುಂತು ಅಳುತ್ತಿದ್ದರು. ನಾನು ಬೈಕಿನ ಹತ್ತಿರವೇ ನಿಂತಿದ್ದೆ. ಬೆಳ್ಳುಳ್ಳಿ ವಾಸನೆಯ ಮಾತನ್ನು ಅವತ್ತಾದರೂ ಹೇಳಬೇಕಿತ್ತು. ಅವತ್ತೂ ಹೇಳಲಿಲ್ಲ.

ಗಂಜಾಮಿನಲ್ಲಿ ಮಗುವನ್ನು ಕಂಕುಳಲ್ಲಿಟ್ಟುಕೊಂಡು ಬೇಲಿಯ ಹತ್ತಿರ ನಿಂತಿದ್ದವಳು ಅವಳೇ. ಎರಡನೆಯ ಮಗು, ಗಂಡು. ಅವಳೂ ದೂರದ ನೆಂಟಳು ಎಂದೇ ಹೇಳಿದಳು.

ಆ ಕೂಸು ಹೋದ ಮೇಲೆ ಸಾರ್ ತಮಾಷೆ ಕಡಿಮೆ ಮಾಡಿದರು. ಮುದ್ದೆಯ ಪ್ರಶ್ನೆ ಬಿಡಲಿಲ್ಲ, ಅದರ ಬೆನ್ನಿಗೆ ಇನ್ನೊಂದು ಸೇರಿಸಿಕೊಂಡರು. "ಈ ಮನೇಲಿ ಮುದ್ದೆ ಉಣ್ಣದೋರು ಯಾರ್ಯಾರವ್ರೆ?" ಅದನ್ನು ಕೇಳಿ ಎದ್ದುಬಿಡುತ್ತಿರಲಿಲ್ಲ. ಉತ್ತರ ಬಂದ ಮೇಲೂ ಸುಮ್ಮನೆ ಒಂದು ಗಳಿಗೆ ಕುಂತಿರುತ್ತಿದ್ದರು. ಆ ಸುಮ್ಮನಿರುವ ಹೊತ್ತಿನಲ್ಲಿ ಎಷ್ಟು ಜನ ಹೊರಬಂದರು! ಹಲ್ಲಿಲ್ಲದೆ ಗಂಜಿ ಕುಡಿಯುವ ಅಜ್ಜಿ. ಸಕ್ಕರೆ ಕಾಯಿಲೆಗೆ ಚಪಾತಿ ತಿನ್ನುವ ದೊಡ್ಡಪ್ಪ. ಪಾಂಡವಪುರದ ಪಕ್ಕದ ಒಂದು ಆಲೆಮನೆಯಲ್ಲಿ ಬೆಲ್ಲದ ಕೊಪ್ಪರಿಗೆಯ ಹತ್ತಿರ ಕೆಲಸ ಮಾಡುತ್ತ, ಕಬ್ಬಿನ ಸಿಪ್ಪೆಯ ಮೇಲೇ ಮಲಗುವ ಉತ್ತರದ ಕಡೆಯ ಹುಡುಗರು. ರೊಟ್ಟಿ ಸುಟ್ಟುಕೊಂಡು ತಿನ್ನುವ ಅವರನ್ನು ಆಲೆಮನೆಯ ಯಜಮಾನ ಮನೆಯ ಲೆಕ್ಕಕ್ಕೇ ಹಿಡಿದಿರಲಿಲ್ಲ. ಅವರಲ್ಲಿ ಇಬ್ಬರಿಗೆ ರೋಗ ಸಿಕ್ಕಿತು. ಮೈಸೂರಿನ ಡಾಕ್ಟರುಗಳು ಮತ್ತೆ ತರಬೇತಿಗೆ ಬಂದಾಗ ಸಾರ್ ಎರಡನೆಯ ಪ್ರಶ್ನೆಯನ್ನೂ ಹೇಳಿಕೊಟ್ಟರು. ಎಲ್ಲಿಂದ ಕಲಿತಿರಿ ಎಂದು ಒಬ್ಬ ಹುಡುಗಿ ಕೇಳಿದಳು. "ಒಂದ್ ಎಂಟ್ ತಿಂಗ್ಳ ಕೂಸು ಕಲುಸ್ತು ಕಣವ್ವ" ಎಂದು ಹೇಳಿ ಟೀ ಕುಡಿಯಲು ಹೊರಗೆ ಹೋದರು.

ನಿವೃತ್ತಿಯ ದಿನ ಹಾರ ಹಾಕಿಸಿಕೊಳ್ಳಲಿಲ್ಲ. ಕಫದ ಡಬ್ಬಿಗಳ ಚೀಲವನ್ನು ನನ್ನ ಕೈಗೆ ಕೊಟ್ಟು, "ಮುಚ್ಳ ಬಿಗ್ಯಾಗ್ ತಿರುಗ್ಸು" ಎಂದರು.

ಒಂದು ವರ್ಷ ಕಳೆದಿರಬೇಕು, ಫೋನ್ ಮಾಡಿದರು. ದನಿ ಕೂತುಹೋಗಿತ್ತು.

"ನಮ್ಮನೇಲಿ ಈಗ ಮುದ್ದೆ ಉಣ್ಣದೋನು ನಾನೊಬ್ನೆ ಕಣವ್ವ" ಎಂದರು. ಅನ್ನನಾಳದಲ್ಲಿ ಗಡ್ಡೆ. ಗಂಜಿಯೂ ಚಮಚ ಚಮಚವಾಗಿ ಇಳಿಯುತ್ತಿತ್ತು.

ಮರುದಿನ ಹೋದೆ. ನಾನು ನೋಡಿದ್ದ ದೇಹದ ಅರ್ಧ ಉಳಿದಿತ್ತು. ಅವರ ಹೆಂಡತಿ ಎಷ್ಟು ಬೇಡವೆಂದರೂ ಕೇಳದೆ ನನಗೆ ಮುದ್ದೆ, ಸೊಪ್ಪಿನ ಸಾರು ಬಡಿಸಿದರು. "ಎಷ್ಟ್ ಕಟ್ಟಿದ್ದೀಯೆ?" ಎಂದು ಸಾರ್ ಮಂಚದ ಮೇಲಿಂದ ಕೇಳಿದರು. "ಎರಡು. ಅವ್ಳಿಗೊಂದು, ನಂಗೊಂದು" ಎಂದರು ಹೆಂಡತಿ. ಸಾರ್ ತಲೆಯಾಡಿಸಿದರು. ನನಗೆ ಮುದ್ದೆ ಮುರಿಯಲಾಗಲಿಲ್ಲ. ಅವರ ಹೆಂಡತಿ ಮತ್ತೆ ಸಾರು ತರಲು ಒಳಗೆ ಹೋದಾಗ ಹೇಳಿಬಿಟ್ಟೆ.

"ಸಾರ್, ಸೀಬೆಮರದ ಮನೇಲಿ ಅವತ್ತು ನಂಗೆ ಬೆಳ್ಳುಳ್ಳಿ ವಾಸ್ನೆ ಬಂದಿತ್ತು. ಸಾಂಬ್ರಾಣಿದೂ ಬಂದಿತ್ತು. ವಳಗೆ ಬಾಣಂತಿ ಅವ್ಳೆ ಅಂತ ಅನ್ನುಸ್ತು ಸಾರ್. ನಾನ್ ಹೇಳ್ಲಿಲ್ಲ. ಮೀಟಿಂಗ್ನಲ್ಲೂ ಹೇಳ್ಲಿಲ್ಲ."

ಅವರು ಕಣ್ಣು ಮುಚ್ಚಿಕೊಂಡೇ ಹೇಳಿದರು.

"ಗೊತ್ತು ಕಣವ್ವ."

"ಹೆಂಗೆ ಸಾರ್?"

"ಚಪ್ಲಿ ನೋಡ್ಕಂಡ್ ನಿಂತಿದ್ದಲ್ಲ ಮೀಟಿಂಗ್ನಲ್ಲಿ. ಏನೋ ಕಂಡವ್ಳೆ, ಏಳ್ಲಾರ್ದೆ ಸಾಯ್ತಾವ್ಳೆ ಅಂತ ಅವತ್ತೇ ತಿಳೀತು."

"ಮತ್ ಯಾಕ್ ಬೈಲಿಲ್ಲ ನೀವು?"

"ಬೈದಿದ್ರೆ ನೀನ್ ಕೆಲ್ಸ ಬುಟ್ಬುಟ್ಟು ವೋಗ್ಬುಡ್ತಿದ್ದೆ" ಎಂದರು. ಉಸಿರು ತೆಗೆದುಕೊಂಡು ಮತ್ತೆ ಹೇಳಿದರು. "ನಾನು ರಿಟೈರ್ ಆಗೋನು. ಆ ಮನೆಗ್ಳಿಗೆ ಆಮೇಲ್ ವೋಗೋರ್ ಯಾರು? ಉಣ್ಣು, ಮುದ್ದೆ ಆರೋಯ್ತದೆ."

ಉಂಡೆ. ಅಳುತ್ತ ಉಂಡೆ. ಅವರು ಮಂಚದ ಮೇಲಿಂದ ನೋಡುತ್ತಲೇ ಇದ್ದರು. ಅದಾಗಿ ಹದಿನೆಂಟು ದಿನಕ್ಕೆ ಹೋದರು.

ಮೊನ್ನೆ ಕೆ.ಆರ್. ಪೇಟೆಯ ಆಚೆ ಒಂದು ಹಳ್ಳಿಗೆ ಹೋಗಿದ್ದೆ. ಅವರು ಹೋದ ಮೇಲೆ ನಾನು ಹೊಕ್ಕ ಮೊದಲ ಹೊಸ ಮನೆ ಅದು. ಬಾವಿಕಟ್ಟೆ ಮನೆ ಎಂದಿಟ್ಟುಕೊಳ್ಳಿ. ಮನೆಯ ಹಿರಿಯನಿಗೆ ಕ್ಷಯ. ಅವನ ಹೆಂಡತಿ ಚಾಪೆ ಹಾಸಿದಳು. ನಾನು ಹೊಸ್ತಿಲ ಮೇಲೆ ಕುಂತೆ.

"ಒಂದೊತ್ಗೆ ಎಷ್ಟ್ ಮುದ್ದೆ ಕಟ್ತೀರವ್ವ?"

"ನಾಕು."

ನಾಲ್ಕು ಹೆಸರು ಬರೆದೆ. ಯಾವ ವಾಸನೆಯೂ ಇರಲಿಲ್ಲ. ಬೇಕೆಂದೇ ಉಸಿರೆಳೆದು ನೋಡಿದೆ, ಬರೀ ದನದ ಗಂಜಲದ ವಾಸನೆ.

"ಮುದ್ದೆ ಉಣ್ಣದೋರು ಯಾರ್ಯಾರವ್ರೆ?"

"ಅಂಗಂದ್ರೆ?" ಎಂದಳು ಆಕೆ. "ಯಾರಿಲ್ಲ."

ನಾನು ಪುಸ್ತಕ ಮುಚ್ಚಿದೆ. ಏಳಲಿಲ್ಲ. ಅವರು ಕೂರುತ್ತಿದ್ದ ಹಾಗೆ ಸುಮ್ಮನೆ ಕುಂತೆ. ಆಕೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು, ಒಳಕೋಣೆಯ ಬಾಗಿಲ ಕಡೆ ಒಮ್ಮೆ ನೋಡಿದಳು.

"ಮಗ್ಳು ಬಂದವ್ಳೆ ಮೇಡಂ, ಬಾಣಂತನುಕ್ಕೆ. ಅವ್ಳ ಗಂಡನ್ ಮನೆಯೋರ್ಗೆ ಮಾತ್ರ..."

"ನಾನ್ ಯಾರ್ಗೂ ಏಳಲ್ಲ ಕಣವ್ವ. ಒಳಗ್ ಬರ್ಲಾ?"

ಕತ್ತಲ ಕೋಣೆಯಲ್ಲಿ ಹುಡುಗಿ ಎದ್ದು ಕುಂತಳು. ತಲೆಗೆ ಬಟ್ಟೆ ಕಟ್ಟಿದ್ದಳು. ಪಕ್ಕದಲ್ಲಿ ಕೂಸು ಮಲಗಿತ್ತು, ಹುಟ್ಟಿ ಇಪ್ಪತ್ತೆರಡು ದಿನ. ನಾನು ಪುಸ್ತಕ ತೆಗೆದು, ಹಾಳೆಯ ತಲೆಯಲ್ಲಿ, ಎಲ್ಲರ ಹೆಸರಿಗಿಂತ ಮೇಲೆ, ಕೂಸನ್ನು ಬರೆದೆ. ಹೆಸರಿಟ್ಟಿರಲಿಲ್ಲ, ಹೆಣ್ಣು ಎಂದು ಬರೆದೆ. ಅಕ್ಷರ ಕಲಸಿಹೋಯಿತು. ಮತ್ತೆ ಬರೆದೆ.

"ಯಾಕ್ ಮ್ಯಾಡಂ ಅಳ್ತಿದ್ದೀರಿ? ನನ್ ಮಗೀಗೇನಾರಾ ಆಗದಾ?" ಹುಡುಗಿ ಕೂಸನ್ನು ಎದೆಗವಚಿಕೊಂಡಳು.

"ಏನೂ ಆಗಿಲ್ಲ ಕಣವ್ವ. ನಾಳೆ ಆಸ್ಪತ್ರೆಗ್ ಬಾ, ಡಾಕ್ಟ್ರು ನೋಡ್ಲಿ. ಏನೂ ಇಲ್ಲ ಅಂದ್ರೆ ಒಂದ್ ಚಿಕ್ ಮಾತ್ರೆ ಕೊಡ್ತಾರೆ, ದಿನಾ ನೀರ್ನಲ್ಲಿ ಕರುಗ್ಸಿ ಕುಡುಸ್ಬೇಕು."

"ಎಷ್ಟ್ ದಿನ?"

"ಆರ್ ತಿಂಗ್ಳು."

"ಕುಡುಸ್ತೀನಿ" ಎಂದಳು. "ಒಂದ್ ದಿನಾನೂ ತಪ್ಪುಸಲ್ಲ."